ಹಳೇ ಕಂಪ್ಯೂಟರಿನಲ್ಲಿ ಹೊಸ ಗೇಮ್ ಓಡುತ್ತಾ? ದುಡ್ಡು ಕೊಡುವ ಮುಂಚೆ ಪತ್ತೆ ಮಾಡುವ ಬಗೆ

ಹೊಸ ಗೇಮಿನ ಟ್ರೈಲರ್ ನೋಡಿದರೆ ಆಸೆ, ಮೇಜಿನ ಮೇಲಿರುವ ಏಳೆಂಟು ವರ್ಷದ ಕಂಪ್ಯೂಟರ್ ನೋಡಿದರೆ ಅನುಮಾನ. ಯಾರನ್ನಾದರೂ ಕೇಳಿದರೆ "ಓಡುತ್ತೆ ಬಿಡಿ" ಅಂತಲೋ "ಹೊಸದು ತಗೊಳ್ಳಿ" ಅಂತಲೋ ಒಂದೇ ಮಾತಲ್ಲಿ ಮುಗಿಸುತ್ತಾರೆ. ಎರಡೂ ಅರ್ಧ ಉತ್ತರ.

ನೋಡಬೇಕಾದದ್ದು ಎರಡು ಸಂಗತಿ, ಅದೂ ಇದೇ ಕ್ರಮದಲ್ಲಿ. ಮೊದಲನೆಯದು, ಗೇಮ್ ನಿಮ್ಮ ಯಂತ್ರವನ್ನು ಒಳಗೆ ಬಿಟ್ಟುಕೊಳ್ಳುತ್ತದೆಯೋ ಇಲ್ಲವೋ. ಇಲ್ಲಿ ಹೌದು ಅಥವಾ ಇಲ್ಲ, ನಡುವೆ ಏನೂ ಇಲ್ಲ. ಯಾವ ಸೆಟ್ಟಿಂಗ್ ಇಳಿಸಿದರೂ ಅದು ಬದಲಾಗುವುದಿಲ್ಲ. ಎರಡನೆಯದು, ಒಳಗೆ ಬಿಟ್ಟ ಮೇಲೆ ಆಟ ಆಡುವ ಹಾಗಿರುತ್ತದೆಯೋ ಇಲ್ಲವೋ. ಇಲ್ಲಿ ಹೊಂದಾಣಿಕೆಗೆ ಬೇಕಾದಷ್ಟು ಜಾಗ ಇದೆ. ಬಹಳ ಜನ ಮೊದಲನೆಯದನ್ನು ನೋಡದೆ ಎರಡನೆಯದರ ಮೇಲೆ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ.

ಈ ಬರಹ ವಿಂಡೋಸ್ ಕಂಪ್ಯೂಟರುಗಳ ಬಗ್ಗೆ. ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಎರಡಕ್ಕೂ ಅನ್ವಯಿಸುತ್ತದೆ.

ಹೆಜ್ಜೆ 1: ನಿಮ್ಮ ಹತ್ತಿರ ಏನಿದೆ ಅಂತ ಬರೆದುಕೊಳ್ಳಿ

ಬೇರೆ ಸಾಫ್ಟ್‌ವೇರ್ ಏನೂ ಬೇಡ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ 'ಪರ್ಫಾರ್ಮೆನ್ಸ್' ವಿಭಾಗಕ್ಕೆ ಹೋಗಿ.

'ಸಿಪಿಯು' ಒತ್ತಿದರೆ ಪ್ರೊಸೆಸರಿನ ಪೂರ್ತಿ ಹೆಸರು, ಕೋರ್ ಎಷ್ಟು, ಲಾಜಿಕಲ್ ಪ್ರೊಸೆಸರ್ ಎಷ್ಟು ಅಂತ ಕಾಣುತ್ತದೆ. "ಐ5 ಇದೆ" ಅಂತಷ್ಟೇ ಗೊತ್ತಿದ್ದರೆ ಸಾಲದು. 2012ರ ಐ5 ಬೇರೆ, 2020ರ ಐ5 ಬೇರೆ. ಹೆಸರಿನ ಮುಂದಿರುವ ನಾಲ್ಕೈದು ಅಂಕಿಯೇ ಮುಖ್ಯ.

'ಮೆಮೊರಿ' ಒತ್ತಿದರೆ ರ್‍ಯಾಮ್ ಎಷ್ಟು ಜಿಬಿ, ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಅಂತ ತೋರಿಸುತ್ತದೆ. ಸ್ಲಾಟಿನ ಸಂಖ್ಯೆಯನ್ನು ಮರೆಯದೆ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 'ಡಿಸ್ಕ್' ಪಕ್ಕದಲ್ಲಿ ಎಸ್‌ಎಸ್‌ಡಿಯೋ ಹಾರ್ಡ್ ಡಿಸ್ಕೋ ಅಂತ ಬರೆದಿರುತ್ತದೆ.

ಕೊನೆಗೆ 'ಜಿಪಿಯು', ಅಂದರೆ ಗ್ರಾಫಿಕ್ಸ್ ಚಿಪ್. ಇಲ್ಲಿ ಜನ ಎಡವುತ್ತಾರೆ. 'ಡೆಡಿಕೇಟೆಡ್ ಜಿಪಿಯು ಮೆಮೊರಿ' ಅಂತ ಒಂದು ಸಂಖ್ಯೆ, 'ಶೇರ್ಡ್' ಅಂತ ಇನ್ನೊಂದು, ಎರಡೂ ಸೇರಿಸಿ ಮೇಲೊಂದು ದೊಡ್ಡ ಸಂಖ್ಯೆ ಇರುತ್ತದೆ. ನಿಮಗೆ ಬೇಕಾದದ್ದು ಡೆಡಿಕೇಟೆಡ್ ಮಾತ್ರ. ಅದೇ ವಿರ್‍ಯಾಮ್, ಅಂದರೆ ಗ್ರಾಫಿಕ್ಸ್ ಕಾರ್ಡಿನ ಸ್ವಂತ ಮೆಮೊರಿ. ಶೇರ್ಡ್ ಅನ್ನುವುದು ಮಾಮೂಲಿ ರ್‍ಯಾಮಿನಿಂದ ಸಾಲ ತರುವ ಜಾಗ. ಅದರ ವೇಗ ಗೇಮಿಗೆ ಏನೇನೂ ಸಾಲದು.

ಲ್ಯಾಪ್‌ಟಾಪ್ ಇದ್ದವರಿಗೆ ಒಂದು ಎಚ್ಚರಿಕೆ. ಕಾರ್ಡಿನ ಹೆಸರು ಡೆಸ್ಕ್‌ಟಾಪಿನದ್ದೇ ಇದ್ದರೂ ಶಕ್ತಿ ಅಷ್ಟೇ ಇರುವುದಿಲ್ಲ. ಎರಡು ಲ್ಯಾಪ್‌ಟಾಪುಗಳಲ್ಲಿ ಒಂದೇ ಹೆಸರಿನ ಚಿಪ್ ಇದ್ದು, ತಯಾರಕರು ಅದಕ್ಕೆ ಕೊಟ್ಟ ವ್ಯಾಟ್ ಬೇರೆ ಬೇರೆ ಆಗಿದ್ದರೆ ಆಟದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ.

ಹೆಜ್ಜೆ 2: ಬಾಗಿಲು ಮುಚ್ಚಿದೆಯಾ ನೋಡಿ

ಇದೇ ಇಡೀ ಕೆಲಸದ ಮುಖ್ಯ ಭಾಗ. ಗೇಮಿನ ಪುಟದಲ್ಲಿರುವ ಸಿಸ್ಟಮ್ ರಿಕ್ವೈರ್‌ಮೆಂಟ್ಸ್ ಪಟ್ಟಿ ತೆರೆದುಕೊಂಡು ಕೆಳಗಿನ ಸಂಗತಿಗಳನ್ನು ಒಂದೊಂದಾಗಿ ಹುಡುಕಿ.

ರೇ ಟ್ರೇಸಿಂಗ್ ಕಡ್ಡಾಯವೇ? ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ ನೆರಳು, ಪ್ರತಿಬಿಂಬ ಬಿಡಿಸುವ ವಿಧಾನ ಇದು. ಮೊದಲೆಲ್ಲಾ ಇದು ಬೇಕಿದ್ದರೆ ಆನ್ ಮಾಡಿಕೊಳ್ಳುವ ಅಲಂಕಾರ ಆಗಿತ್ತು. ಈಗ ಕೆಲವು ಗೇಮುಗಳಲ್ಲಿ ಅದನ್ನು ಆಫ್ ಮಾಡಲು ಆಗುವುದೇ ಇಲ್ಲ. 2024ರ ಡಿಸೆಂಬರಿನಲ್ಲಿ ಬಂದ 'ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್', 2025ರ ಮೇ ತಿಂಗಳ 'ಡೂಮ್: ದ ಡಾರ್ಕ್ ಏಜಸ್' ಎರಡೂ ಹೀಗೇ. ಎರಡರಲ್ಲೂ ಕನಿಷ್ಠ ಕಾರ್ಡ್ ಆರ್‌ಟಿಎಕ್ಸ್ 2060 ಸೂಪರ್ ಅಥವಾ ಆರ್‌ಎಕ್ಸ್ 6600. ಎನ್‌ವಿಡಿಯಾದಲ್ಲಿ ರೇ ಟ್ರೇಸಿಂಗ್ ಹಾರ್ಡ್‌ವೇರ್ ಬಂದದ್ದು 2018ರ ಆರ್‌ಟಿಎಕ್ಸ್ 20 ಸರಣಿಯಿಂದ. ಎಎಂಡಿಯಲ್ಲಿ 2020ರ ಆರ್‌ಎಕ್ಸ್ 6000 ಸರಣಿಯಿಂದ. ಹಾಗಾಗಿ ಜಿಟಿಎಕ್ಸ್ 1080 ಟಿಐ 11 ಜಿಬಿ ವಿರ್‍ಯಾಮ್ ಇದ್ದರೂ ಹೊರಗೇ ನಿಲ್ಲಬೇಕು. ಅದಕ್ಕಿಂತ ಹೊಸದಾದ ಆರ್‌ಎಕ್ಸ್ 5700 ಎಕ್ಸ್‌ಟಿ ಕೂಡ ಅಷ್ಟೇ. ಎಷ್ಟು ಬಲಶಾಲಿ ಕಾರ್ಡ್ ಅನ್ನುವುದಕ್ಕಿಂತ ಯಾವ ಕಾಲದ ಕಾರ್ಡ್ ಅನ್ನುವುದೇ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಪ್ರೊಸೆಸರಿಗೆ ಎವಿಎಕ್ಸ್2 ಗೊತ್ತಿದೆಯೇ? ಇದೊಂದು ಸೂಚನೆಗಳ ಗುಂಪು. ಇಂಟೆಲ್‌ನಲ್ಲಿ 2013ರ ನಾಲ್ಕನೇ ತಲೆಮಾರಿನಿಂದ ಐ3, ಐ5, ಐ7ಗಳಲ್ಲಿ ಇದೆ. ಎಎಂಡಿಯ ಎಲ್ಲ ರೈಜನ್‌ಗಳಲ್ಲೂ ಇದೆ. ಎರಡನೇ, ಮೂರನೇ ತಲೆಮಾರಿನ ಐ7 ಇಟ್ಟುಕೊಂಡು "ಐ7 ಅಲ್ವಾ" ಅಂತ ನೆಮ್ಮದಿಯಾಗಿ ಇರಬೇಡಿ. ಗೇಮ್ ಎವಿಎಕ್ಸ್2 ಕೇಳಿದರೆ ಒತ್ತಿದ ತಕ್ಷಣ ಮುಚ್ಚಿಕೊಳ್ಳುತ್ತದೆ. ಎಷ್ಟೋ ಸಲ ಯಾಕೆ ಅಂತ ಒಂದು ಮಾತೂ ಹೇಳುವುದಿಲ್ಲ. ಸಿಪಿಯು-ಝಡ್ ಅನ್ನುವ ಉಚಿತ ತಂತ್ರಾಂಶದಲ್ಲಿ 'ಇನ್‌ಸ್ಟ್ರಕ್ಷನ್ಸ್' ಸಾಲಿನಲ್ಲಿ ಇದನ್ನು ನೋಡಬಹುದು.

ವಿಂಡೋಸ್ ಯಾವುದು? ಗೇಮ್ ಮಾರುವ ತಾಣ ಸ್ಟೀಮ್ 2024ರ ಜನವರಿ 1ರಿಂದ ವಿಂಡೋಸ್ 7 ಮತ್ತು 8ಕ್ಕೆ ಬೆಂಬಲ ನಿಲ್ಲಿಸಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರಲ್ಲಿ ಗೇಮುಗಳು ಇವತ್ತಿಗೂ ಓಡುತ್ತವೆ, ಆದರೆ ಪಟ್ಟಿಯಲ್ಲಿ ವಿಂಡೋಸ್ 11 ಕಡ್ಡಾಯ ಅಂತ ಇದೆಯಾ ಅಂತ ನೋಡಿಕೊಳ್ಳುವುದು ಒಳ್ಳೆಯದು.

ಸೆಕ್ಯೂರ್ ಬೂಟ್ (ಕಂಪ್ಯೂಟರ್ ಶುರುವಾಗುವಾಗ ನಂಬಿಕಸ್ಥ ತಂತ್ರಾಂಶವನ್ನು ಮಾತ್ರ ಬಿಡುವ ಕಾವಲು) ಕೇಳುತ್ತದೆಯೇ? ಇದು ಆನ್‌ಲೈನ್ ಗೇಮುಗಳ ಸಮಸ್ಯೆ. ಮೋಸಗಾರರನ್ನು ತಡೆಯುವ ವ್ಯವಸ್ಥೆ ಈಗ ಬಯಾಸ್ (ವಿಂಡೋಸಿಗೂ ಮೊದಲು ಶುರುವಾಗುವ ಬೋರ್ಡಿನ ತಂತ್ರಾಂಶ) ತನಕ ಇಣುಕುತ್ತದೆ. 2025ರ 'ಬ್ಯಾಟಲ್‌ಫೀಲ್ಡ್ 6'ಗೆ ಸೆಕ್ಯೂರ್ ಬೂಟ್ ಆನ್ ಇರಲೇಬೇಕು. ವಿಂಡೋಸ್ 11ರಲ್ಲಿ 'ವ್ಯಾಲರಂಟ್' ಆಡಲು ಅದರ ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಕೂಡ ಬೇಕು. ಸ್ಟಾರ್ಟ್ ಮೆನುವಿನಲ್ಲಿ 'ಸಿಸ್ಟಮ್ ಇನ್ಫರ್ಮೇಶನ್' ಹುಡುಕಿ ತೆರೆದರೆ 'ಬಯಾಸ್ ಮೋಡ್', 'ಸೆಕ್ಯೂರ್ ಬೂಟ್ ಸ್ಟೇಟ್' ಎರಡೂ ಕಾಣುತ್ತವೆ. ಬಯಾಸ್ ಮೋಡ್ ಮುಂದೆ 'ಲೆಗಸಿ' ಅಂತಿದ್ದರೆ ಸುಮ್ನೆ ಬಯಾಸಿಗೆ ಹೋಗಿ ಸ್ವಿಚ್ ಒತ್ತಬೇಡಿ, ವಿಂಡೋಸ್ ಬೂಟ್ ಆಗದೇ ಹೋಗಬಹುದು. ಮೊದಲು ಡಿಸ್ಕನ್ನು ಎಂಬಿಆರ್‌ನಿಂದ ಜಿಪಿಟಿಗೆ (ಡಿಸ್ಕಿನ ವಿಭಾಗಗಳನ್ನು ಗುರುತಿಸುವ ಹೊಸ ಬಗೆಗೆ) ಬದಲಿಸಬೇಕು. ಅದಕ್ಕೂ ಮೊದಲು ಬ್ಯಾಕಪ್. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಅದರ ರಿಕವರಿ ಕೀಯನ್ನೂ ಬರೆದಿಟ್ಟುಕೊಳ್ಳಿ.

ಡ್ರೈವರ್ (ಕಾರ್ಡನ್ನು ವಿಂಡೋಸಿನ ಜೊತೆ ಕೆಲಸ ಮಾಡಿಸುವ ತಂತ್ರಾಂಶ) ಇನ್ನೂ ಬರುತ್ತಿದೆಯೇ? ಜಿಟಿಎಕ್ಸ್ 900 ಮತ್ತು 10 ಸರಣಿಗಳಿಗೆ ಹೊಸ ಗೇಮುಗಳಿಗೆ ಅಂತಲೇ ಬರುತ್ತಿದ್ದ ಡ್ರೈವರುಗಳನ್ನು ಎನ್‌ವಿಡಿಯಾ 2025ರ ಕೊನೆಯ ಹೊತ್ತಿಗೆ ನಿಲ್ಲಿಸಿತು. ಈಗ ಬರುವುದು ಭದ್ರತೆಯ ತಿದ್ದುಪಡಿ ಮಾತ್ರ. ಬಾಗಿಲು ಇವತ್ತೇ ಮುಚ್ಚಿತು ಅಂತಲ್ಲ. ಆದರೆ ಮುಂದೆ ಬರುವ ಗೇಮ್ ಆ ಕಾರ್ಡಿನಲ್ಲಿ ತೊಂದರೆ ಕೊಟ್ಟರೆ ಸರಿಮಾಡುವವರು ಇರುವುದಿಲ್ಲ.

ಗೇಮ್ ಕಡ್ಡಾಯ ಅಂತ ಕೇಳುವ ಸಂಗತಿ ಒಂದಾದರೂ ನಿಮ್ಮ ಯಂತ್ರದಲ್ಲಿ ಇಲ್ಲದಿದ್ದರೆ ಸೆಟ್ಟಿಂಗ್ ಇಳಿಸುವ ಹೆಜ್ಜೆಗಳನ್ನು ಬಿಟ್ಟು ನೇರವಾಗಿ ಕೊನೆಯ ಎರಡು ಹೆಜ್ಜೆಗಳಿಗೆ ಹೋಗಿ.

ಹೆಜ್ಜೆ 3: 'ಕನಿಷ್ಠ' ಅನ್ನುವುದರ ಕೆಳಗಿನ ಸಣ್ಣಕ್ಷರ ಓದಿ

ಕನಿಷ್ಠ ಪಟ್ಟಿಗೆ ನಿಮ್ಮ ಕಂಪ್ಯೂಟರ್ ಸರಿಯಾಗಿ ಹೊಂದುತ್ತದೆ ಅಂದುಕೊಳ್ಳಿ. ಖುಷಿಪಡುವ ಮುಂಚೆ ನೋಡಿ, ಅದು ಯಾವ ರೆಸಲ್ಯೂಷನ್‌ಗೆ, ಸೆಕೆಂಡಿಗೆ ಎಷ್ಟು ಫ್ರೇಮಿಗೆ (ಅಂದರೆ ಚಿತ್ರಕ್ಕೆ) ಕನಿಷ್ಠ? 2025ರ 'ಮಾನ್‌ಸ್ಟರ್ ಹಂಟರ್ ವೈಲ್ಡ್ಸ್' ತನ್ನ ಕನಿಷ್ಠ ಪಟ್ಟಿಯಲ್ಲೇ ಇದನ್ನು ಬಿಚ್ಚಿ ಹೇಳಿತ್ತು: ಅತಿ ಕೆಳಗಿನ ಗ್ರಾಫಿಕ್ಸ್, 720ಪಿಯಲ್ಲಿ ಚಿತ್ರ ತಯಾರಿಸಿ 1080ಪಿಗೆ ಹಿಗ್ಗಿಸಿದ್ದು, ಸೆಕೆಂಡಿಗೆ 30 ಫ್ರೇಮ್. ಪ್ರಾಮಾಣಿಕವಾದ ಪಟ್ಟಿ ಅಂದರೆ ಇದು. ಎಷ್ಟೋ ಗೇಮುಗಳು ಬರೀ ಕಾರ್ಡಿನ ಹೆಸರು ಬರೆದು ಸುಮ್ಮನಾಗುತ್ತವೆ.

ಪಟ್ಟಿಗಳು ಬದಲಾಗುತ್ತಲೂ ಇರುತ್ತವೆ. 'ಸೈಬರ್‌ಪಂಕ್ 2077' 2020ರಲ್ಲಿ ಬಂದಾಗ ಹಾರ್ಡ್ ಡಿಸ್ಕಿನಲ್ಲೂ ಓಡುತ್ತದೆ ಅಂದಿತ್ತು. 2023ರ ದೊಡ್ಡ ಅಪ್‌ಡೇಟ್ ಹೊತ್ತಿಗೆ ಕನಿಷ್ಠ ಪಟ್ಟಿಯಲ್ಲೇ ಎಸ್‌ಎಸ್‌ಡಿ ಬಂತು, ರ್‍ಯಾಮ್ 12 ಜಿಬಿಗೆ ಏರಿತು. ಹಳೇ ಲೇಖನದಲ್ಲಿ ಓದಿದ ಪಟ್ಟಿ ನಂಬಬೇಡಿ, ಗೇಮ್ ಮಾರುವ ಪುಟದಲ್ಲಿ ಈಗ ಏನಿದೆ ಅಂತ ನೋಡಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಐ5-6500, 8 ಜಿಬಿ ರ್‍ಯಾಮ್, 6 ಜಿಬಿಯ ಜಿಟಿಎಕ್ಸ್ 1060, ಒಂದು ಹಾರ್ಡ್ ಡಿಸ್ಕ್. ಇದು ಒಂದು ಕಾಲದಲ್ಲಿ ಎಲ್ಲರ ಮನೆಯ ಗೇಮಿಂಗ್ ಕಂಪ್ಯೂಟರ್. ಇದರ ಎದುರಿಗೆ 2024ರ 'ಬ್ಲ್ಯಾಕ್ ಮಿತ್: ವುಕಾಂಗ್' ಇಟ್ಟು ನೋಡಿ. ಕನಿಷ್ಠ ಪಟ್ಟಿಯ ಕಾರ್ಡ್ 6 ಜಿಬಿಯ 1060, ಅಂದರೆ ಸರಿಸಮ. ಪ್ರೊಸೆಸರ್ ಐ5-8400, ಅದಕ್ಕೆ ಆರು ಕೋರ್. ನಮ್ಮದಕ್ಕೆ ನಾಲ್ಕೇ. ರ್‍ಯಾಮ್ 16 ಜಿಬಿ ಬೇಕು, ನಮ್ಮಲ್ಲಿ ಅರ್ಧ ಇದೆ. ಹಾರ್ಡ್ ಡಿಸ್ಕ್ ನಡೆಯುತ್ತದೆ, ಎಸ್‌ಎಸ್‌ಡಿ ಇದ್ದರೆ ಒಳ್ಳೆಯದು ಅನ್ನುತ್ತದೆ ಪಟ್ಟಿ. ಜೊತೆಗೆ ಈ ಲೆಕ್ಕವೆಲ್ಲ ಅಪ್‌ಸ್ಕೇಲಿಂಗ್ (ಸಣ್ಣ ಚಿತ್ರ ತಯಾರಿಸಿ ಹಿಗ್ಗಿಸುವುದು) ಆನ್ ಇಟ್ಟು ಮಾಡಿದ್ದು ಅಂತ ಸಣ್ಣಕ್ಷರದಲ್ಲಿ ಹೇಳುತ್ತದೆ.

ಅಂದರೆ ಬಾಗಿಲು ತೆರೆದಿದೆ, ಆಟ ಶುರುವಾಗುತ್ತದೆ. ಕಾರ್ಡ್ ಹೇಗೋ ತೂಗಿಸುತ್ತದೆ. ತಡವರಿಸುವುದು ರ್‍ಯಾಮ್ ಮತ್ತು ಪ್ರೊಸೆಸರ್. ಸಾಮಾನ್ಯವಾಗಿ ಇಂಥವರು ಗ್ರಾಫಿಕ್ಸ್ ಕಾರ್ಡ್ ಬದಲಿಸುವ ಯೋಚನೆ ಮಾಡುತ್ತಾರೆ. ಈ ಕಂಪ್ಯೂಟರಿಗೆ ಮೊದಲು ಬೇಕಾದದ್ದು ಇನ್ನೊಂದು 8 ಜಿಬಿ ರ್‍ಯಾಮ್, ಆಮೇಲೆ ಒಂದು ಎಸ್‌ಎಸ್‌ಡಿ. ಇದೇ ಕಂಪ್ಯೂಟರನ್ನು 'ಇಂಡಿಯಾನಾ ಜೋನ್ಸ್' ಎದುರಿಗೆ ಇಟ್ಟರೆ ಮಾತ್ರ ಕಥೆ ಎರಡನೇ ಹೆಜ್ಜೆಯಲ್ಲೇ ಮುಗಿಯುತ್ತದೆ.

ಹೆಜ್ಜೆ 4: ಪುಕ್ಕಟೆಯಾಗಿ ಪರೀಕ್ಷೆ ಮಾಡಿ

ಕಾಗದದ ಮೇಲಿನ ಲೆಕ್ಕಕ್ಕಿಂತ ಓಡಿಸಿ ನೋಡುವುದೇ ಮೇಲು. 'ಬ್ಲ್ಯಾಕ್ ಮಿತ್' ಮತ್ತು 'ಮಾನ್‌ಸ್ಟರ್ ಹಂಟರ್ ವೈಲ್ಡ್ಸ್' ಎರಡಕ್ಕೂ ಸ್ಟೀಮಿನಲ್ಲಿ ಉಚಿತ ಬೆಂಚ್‌ಮಾರ್ಕ್ (ಕಂಪ್ಯೂಟರಿನ ವೇಗ ಅಳೆಯುವ ಪರೀಕ್ಷೆ) ಬಂತು. ನಿಮಗೆ ಬೇಕಾದ ಗೇಮಿಗೆ ಅಂಥದ್ದೋ ಒಂದು ಡೆಮೋವೋ ಇದೆಯಾ ಹುಡುಕಿ. ಬೆಂಚ್‌ಮಾರ್ಕ್ ಕೊಡುವ ಸರಾಸರಿ ಸಂಖ್ಯೆಯನ್ನು ಸ್ವಲ್ಪ ಕಡಿಮೆ ಮಾಡಿಕೊಂಡೇ ಓದಿ. ಸುಂದರವಾದ ಕಾಡಿನಲ್ಲಿ ಕ್ಯಾಮೆರಾ ತೇಲುವಾಗ ಬರುವ ಸಂಖ್ಯೆ ಬೇರೆ, ಜನ ತುಂಬಿದ ಊರಿನಲ್ಲಿ ಹೊಡೆದಾಡುವಾಗ ಬರುವುದು ಬೇರೆ.

ಯೂಟ್ಯೂಬಿನಲ್ಲಿ ನಿಮ್ಮ ಕಾರ್ಡಿನ ಹೆಸರು, ಗೇಮಿನ ಹೆಸರು ಸೇರಿಸಿ ಹುಡುಕಿದರೂ ವಿಡಿಯೋ ಸಿಗುತ್ತದೆ. ಅದರಲ್ಲಿ ಮೊದಲು ನೋಡಬೇಕಾದದ್ದು ಅವರ ಪ್ರೊಸೆಸರ್. ಹೊಸ ಪ್ರೊಸೆಸರಿಗೆ ಹಳೇ ಕಾರ್ಡ್ ಸಿಕ್ಕಿಸಿ ಮಾಡಿದ ಪರೀಕ್ಷೆ ನಿಮ್ಮ ಕಂಪ್ಯೂಟರಿನ ಬಗ್ಗೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಒಂದೇ ಗುಂಡಿ ಒತ್ತಿದರೆ "ಓಡುತ್ತೆ, ಓಡಲ್ಲ" ಅಂತ ಹೇಳುವ ತಾಣಗಳು ಪಟ್ಟಿಗೆ ಪಟ್ಟಿ ಹೋಲಿಸುತ್ತವೆ ಅಷ್ಟೇ. ನನಗೆ ಅವುಗಳ ಮೇಲೆ ಹೆಚ್ಚು ಭರವಸೆ ಇಲ್ಲ.

ಡೆಮೋ ಇಲ್ಲದಿದ್ದರೆ ಸ್ಟೀಮಿನ ರೀಫಂಡ್ ಇದೆ. ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆದರೆ ಗೇಮ್ ತೆರೆದಿಟ್ಟ ಸಮಯವೆಲ್ಲ ಆಡಿದ ಸಮಯವೇ. ಮೊದಲ ಸಲ ತೆರೆದಾಗ ಹೊಸ ಗೇಮುಗಳು ಶೇಡರ್ ಕಂಪೈಲ್ ಮಾಡುತ್ತವೆ (ಚಿತ್ರ ಬಿಡಿಸುವ ಸೂಚನೆಗಳನ್ನು ನಿಮ್ಮ ಕಾರ್ಡಿಗೆ ತಕ್ಕಂತೆ ತಯಾರಿಸಿಕೊಳ್ಳುತ್ತವೆ), ಹಳೇ ಪ್ರೊಸೆಸರಿನಲ್ಲಿ ಅದಕ್ಕೆ ಬಹಳ ಹೊತ್ತು ಹಿಡಿಯಬಹುದು. ಅದನ್ನು ಬಿಟ್ಟು ಎದ್ದು ಹೋಗಬೇಡಿ. ಕಥೆಯ ಪೀಠಿಕೆ ನೋಡುತ್ತಾ ಕೂರಬೇಡಿ. ಬೇಗ ಬೇಗ ಬಯಲಿಗೆ ಬಂದು, ಓಡಿ, ಹೊಡೆದಾಡಿ, ಕ್ಯಾಮೆರಾ ರಪ್ಪನೆ ತಿರುಗಿಸಿ ನೋಡಿ.

ಹೆಜ್ಜೆ 5: ಯಾರು ಸುಸ್ತಾಗುತ್ತಿದ್ದಾರೆ?

ಆಟ ನಿಧಾನ ಅನ್ನಿಸಿದಾಗ ತೋಚಿದ ಸೆಟ್ಟಿಂಗನ್ನೆಲ್ಲ ಇಳಿಸುವುದು ಮಾಮೂಲು. ಅದಕ್ಕಿಂತ ಮೊದಲು ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ತಂತ್ರಾಂಶ ಹಾಕಿಕೊಂಡು ಪರದೆಯ ಮೂಲೆಯಲ್ಲಿ ನಾಲ್ಕು ಸಂಗತಿ ಕಾಣುವಂತೆ ಮಾಡಿಕೊಳ್ಳಿ: ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್), ಜಿಪಿಯು ಬಳಕೆ, ವಿರ್‍ಯಾಮ್ ಬಳಕೆ, ಉಷ್ಣಾಂಶ.

ಜಿಪಿಯು ಬಳಕೆ ಶೇ 95ರ ಮೇಲೇ ನಿಂತಿದ್ದರೆ ದುಡಿಯುತ್ತಿರುವುದು ಕಾರ್ಡ್. ಇದು ಒಳ್ಳೆಯ ಸುದ್ದಿ, ಸೆಟ್ಟಿಂಗ್ ಇಳಿಸಿದರೆ ಫಲ ಸಿಗುತ್ತದೆ. ಎಫ್‌ಪಿಎಸ್ ಕಡಿಮೆ ಇದ್ದೂ ಜಿಪಿಯು ಬಳಕೆ 60, 70ರಲ್ಲಿ ಓಡಾಡುತ್ತಿದ್ದರೆ ಕಾರ್ಡ್ ಖಾಲಿ ಕೂತಿದೆ, ಪ್ರೊಸೆಸರ್ ಕೆಲಸ ಕೊಡುವುದಕ್ಕೆ ಏದುಸಿರು ಬಿಡುತ್ತಿದೆ ಅಂತ ಅರ್ಥ. ಖಾತ್ರಿ ಮಾಡಿಕೊಳ್ಳಲು ರೆಸಲ್ಯೂಷನ್ ಒಮ್ಮೆಲೇ 720ಪಿಗೆ ಇಳಿಸಿ. ಎಫ್‌ಪಿಎಸ್ ಅಲ್ಲಾಡದಿದ್ದರೆ ತಪ್ಪು ಪ್ರೊಸೆಸರಿನದೇ. ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು ಬಳಕೆ ಶೇ 50 ಮಾತ್ರ ಇದೆಯಲ್ಲ ಅಂತ ವಾದಿಸಬೇಡಿ. ಅದು ಎಲ್ಲ ಕೋರುಗಳ ಸರಾಸರಿ. ಒಂದೇ ಕೋರ್ ಪೂರ್ತಿ ಮುಳುಗಿದ್ದರೂ ಇಡೀ ಆಟ ಅದಕ್ಕೆ ಕಾಯುತ್ತದೆ.

ಚೆನ್ನಾಗಿ ಓಡುತ್ತಾ ಓಡುತ್ತಾ ಆಗಾಗ ಅರ್ಧ ಸೆಕೆಂಡ್ ನಿಂತು ಮತ್ತೆ ಮುಂದುವರಿಯುತ್ತದೆಯೇ? ಆಗ ಮೂರರಲ್ಲಿ ಒಂದು. ವಿರ್‍ಯಾಮ್ ತುಂಬಿದೆ, ಇಲ್ಲ ರ್‍ಯಾಮ್ ತುಂಬಿದೆ, ಇಲ್ಲ ಹಾರ್ಡ್ ಡಿಸ್ಕ್ ಹೊಸ ಜಾಗದ ಚಿತ್ರಗಳನ್ನು ಓದಿ ಮುಗಿಸಿಲ್ಲ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದೊಂದು ಫ್ರೇಮಿಗೆ 16.7 ಮಿಲಿಸೆಕೆಂಡ್ ಮಾತ್ರ ಸಮಯ. 30 ಆದರೆ 33.3. ಸರಾಸರಿ 55 ಇದ್ದು ಆಗಾಗ ಎಡವುವ ಆಟಕ್ಕಿಂತ ಒಂದೇ ಸಮ 40ರಲ್ಲಿ ನಿಲ್ಲುವ ಆಟ ಎಷ್ಟೋ ವಾಸಿ. ಫ್ರೇಮ್ ಮಿತಿ ಹಾಕುವ ಆಯ್ಕೆ ಇರುವುದು ಅದಕ್ಕೇ, ಸಂಕೋಚವಿಲ್ಲದೆ ಬಳಸಿ.

ಎರಡು ಪೆದ್ದು ಕಾರಣಗಳನ್ನೂ ತಳ್ಳಿಹಾಕಿ. ಮಾನಿಟರಿನ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಹಾಕಿದೆಯೋ ಮದರ್‌ಬೋರ್ಡಿಗೋ? ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿದೆಯೋ ಇಲ್ಲವೋ?

ಹೆಜ್ಜೆ 6: ಸೆಟ್ಟಿಂಗ್ ಇಳಿಸುವ ಕ್ರಮ

ಕಾರ್ಡ್ ಸುಸ್ತಾಗಿದ್ದರೆ ಮೊದಲ ಮದ್ದು ಅಪ್‌ಸ್ಕೇಲಿಂಗ್. ಆರ್‌ಟಿಎಕ್ಸ್ ಕಾರ್ಡ್ ಇದ್ದರೆ ಡಿಎಲ್‌ಎಸ್‌ಎಸ್ ಆರಿಸಿ, ಚಿತ್ರ ಚೆನ್ನಾಗಿರುತ್ತದೆ. ಬೇರೆ ಹಳೇ ಕಾರ್ಡುಗಳಿಗೆ ಎಫ್‌ಎಸ್‌ಆರ್ 2 ಅಥವಾ 3, ಇಲ್ಲವೇ ಎಕ್ಸ್‌ಇಎಸ್‌ಎಸ್. 1080ಪಿ ಪರದೆಯಲ್ಲಿ ಎಫ್‌ಎಸ್‌ಆರ್ 'ಕ್ವಾಲಿಟಿ' ಇಟ್ಟರೆ ಒಳಗೆ ತಯಾರಾಗುವುದು 1280×720ರ ಚಿತ್ರ. ಸುಮಾರು 21 ಲಕ್ಷ ಪಿಕ್ಸೆಲ್ ಬದಲು 9.2 ಲಕ್ಷ ಬರೆದರೆ ಸಾಕು. 'ಪರ್ಫಾರ್ಮೆನ್ಸ್'ಗೆ ಇಳಿಸಿದರೆ 960×540. ಅಲ್ಲಿ ಎಲೆ, ಕೂದಲು, ದೂರದ ತಂತಿ ಎಲ್ಲ ಮಿನುಗಲು ಶುರುವಾಗುತ್ತದೆ. 1080ಪಿ ಪರದೆಯಲ್ಲಿ ನಾನು 'ಕ್ವಾಲಿಟಿ'ಗಿಂತ ಕೆಳಗೆ ಇಳಿಯುವುದಿಲ್ಲ, ಅದರ ಬದಲು ನೆರಳು ಕಡಿಮೆ ಮಾಡುತ್ತೇನೆ.

ಆಮೇಲೆ ಈ ಕ್ರಮ: ರೇ ಟ್ರೇಸಿಂಗ್ ಆಫ್ ಮಾಡಲು ಬಂದರೆ ಆಫ್. ನೆರಳು, ಮಂಜು ಮತ್ತು ಮೋಡ, ಪ್ರತಿಬಿಂಬ, ಗ್ಲೋಬಲ್ ಇಲ್ಯುಮಿನೇಶನ್ ಒಂದೊಂದಾಗಿ ಕೆಳಗೆ. ಒಂದು ಇಳಿಸಿ, ಅದೇ ಜಾಗದಲ್ಲಿ ನಿಂತು, ಅದೇ ಕಡೆ ನೋಡುತ್ತಾ ಎಫ್‌ಪಿಎಸ್ ಬರೆದುಕೊಳ್ಳಿ. ಏನೂ ಏರದಿದ್ದರೆ ಮತ್ತೆ ಮೇಲಕ್ಕೆ ಹಾಕಿ, ಸುಮ್ನೆ ಅಂದ ಕೆಡಿಸಬೇಡಿ.

ಟೆಕ್ಸ್ಚರ್ (ವಸ್ತುಗಳ ಮೈಮೇಲಿನ ಚಿತ್ರ) ವಿಷಯ ಬೇರೆ. ಅದು ಕಾರ್ಡಿನ ವೇಗವನ್ನು ಹೆಚ್ಚು ತಿನ್ನುವುದಿಲ್ಲ, ವಿರ್‍ಯಾಮ್ ತಿನ್ನುತ್ತದೆ. ಪಾತ್ರೆ ತುಂಬುವ ತನಕ ಎಷ್ಟು ಸುರಿದರೂ ಗೊತ್ತಾಗುವುದಿಲ್ಲ, ತುಂಬಿದ ಮೇಲೆ ಒಂದು ಹನಿಯೂ ನೆಲಕ್ಕೇ. ವಿರ್‍ಯಾಮ್ ಮಿತಿಯೊಳಗೆ ಇದ್ದರೆ ಟೆಕ್ಸ್ಚರ್ ಹೈ ಇಡಿ. ದಾಟಿತೋ, ಒಂದೇ ಮೆಟ್ಟಿಲು ಇಳಿಸಿ, ಗೇಮ್ ಮುಚ್ಚಿ ಮತ್ತೆ ತೆರೆಯಿರಿ. 4 ಜಿಬಿ ಕಾರ್ಡ್ ಇರುವವರಿಗೆ ಹೊಸ ಗೇಮುಗಳಲ್ಲಿ ಹೆಚ್ಚು ಆಯ್ಕೆ ಇರುವುದಿಲ್ಲ.

ಪ್ರೊಸೆಸರ್ ಸುಸ್ತಾಗಿದ್ದರೆ ಮೇಲಿನ ಯಾವುದೂ ಹೆಚ್ಚು ಸಹಾಯ ಮಾಡುವುದಿಲ್ಲ. ಜನಸಂದಣಿ, ನೋಟದ ದೂರ, ಭೌತಿಕ ಪರಿಣಾಮಗಳು, ಇವನ್ನು ಇಳಿಸಿ. ಹಿಂದೆ ಓಡುತ್ತಿರುವ ಬ್ರೌಸರ್, ಇತರ ಲಾಂಚರುಗಳನ್ನು ಮುಚ್ಚಿ.

ಫ್ರೇಮ್ ಜನರೇಶನ್ (ಫ್ರೇಮುಗಳ ನಡುವೆ ಕೃತಕ ಫ್ರೇಮ್ ತೂರಿಸುವುದು) ಅನ್ನುವ ಆಯ್ಕೆ ಕಂಡರೆ ಮರುಳಾಗಬೇಡಿ. 25 ಎಫ್‌ಪಿಎಸ್ ಇರುವಲ್ಲಿ ಅದು 45 ಅಂತ ತೋರಿಸುತ್ತದೆ, ಆದರೆ ಕೈಗೆ 25ರಷ್ಟೇ, ಇನ್ನೂ ಸ್ವಲ್ಪ ಜಾಸ್ತಿಯೇ, ಭಾರ ಅನ್ನಿಸುತ್ತದೆ. ಮೊದಲೇ 60ರ ಹತ್ತಿರ ಇರುವವರಿಗೆ ಅದು ಚೆನ್ನ.

ಹೆಜ್ಜೆ 7: ಧೂಳು

ಹಳೇ ಯಂತ್ರ ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕುಸಿದರೆ ಅದು ಬಿಸಿ. ಪ್ರೊಸೆಸರ್ 95, 100 ಡಿಗ್ರಿ ಮುಟ್ಟುತ್ತಿದ್ದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಫ್ಯಾನ್ ಕೈಯಲ್ಲಿ ಹಿಡಿದು ತಿರುಗದಂತೆ ಮಾಡಿ ಗಾಳಿ ಊದಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ. ಖರ್ಚು ತೀರಾ ಕಡಿಮೆ, ಕೆಲವೊಮ್ಮೆ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಹೆಜ್ಜೆ 8: ಬಿಡಿಭಾಗ ಬದಲಿಸುವುದಾದರೆ

ರ್‍ಯಾಮ್ ಮೊದಲು. ಒಂದೇ ಸ್ಟಿಕ್ ಇದ್ದರೆ ಅಂಥದ್ದೇ ಇನ್ನೊಂದು ಹಾಕಿ. ಎರಡು ಇದ್ದಾಗ ಡ್ಯುಯಲ್ ಚಾನೆಲ್ ಆಗಿ ಪ್ರೊಸೆಸರಿಗೂ ಉಸಿರು ಬರುತ್ತದೆ. ಮೊದಲ ಹೆಜ್ಜೆಯಲ್ಲಿ ಸ್ಲಾಟ್ ಎಣಿಸಿದ್ದು ಇದಕ್ಕೇ.

ಪ್ರೊಸೆಸರ್ ಬದಲಿಸುವಾಗ ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಹೆಸರೊಂದನ್ನೇ ನಂಬಬೇಡಿ. ಐ5-6500 ಇರುವ ಬೋರ್ಡಿನ ಸಾಕೆಟ್ ಎಲ್‌ಜಿಎ 1151, ಎಂಟನೇ ತಲೆಮಾರಿನ ಐ5-8400ದೂ ಎಲ್‌ಜಿಎ 1151. ಆದರೆ ಹಳೇ ಬೋರ್ಡಿನಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಹೋಗಬಹುದಾದ ತುದಿ ಐ7-6700 ಅಥವಾ ಬಯಾಸ್ ಅಪ್‌ಡೇಟ್ ಮಾಡಿ ಐ7-7700. ಎಎಂಡಿಯ ಎಎಂ4 ಸಾಕೆಟಿನ ಬೋರ್ಡ್ ಇದ್ದವರು ಅದೃಷ್ಟವಂತರು. ಮೊದಲ ರೈಜನ್ ಜೊತೆ ಬಂದ ಬೋರ್ಡುಗಳಲ್ಲೂ ಅನೇಕವು ಬಯಾಸ್ ಅಪ್‌ಡೇಟ್ ನಂತರ ರೈಜನ್ 5 5600 ಒಪ್ಪಿಕೊಳ್ಳುತ್ತವೆ.

ಕಾರ್ಡ್ ಕೊಳ್ಳುವಾಗ ಪವರ್ ಸಪ್ಲೈ ನೋಡಿ. ಸ್ಲಾಟಿನಿಂದ ಸಿಗುವುದು 75 ವ್ಯಾಟ್, 6 ಪಿನ್ ಕನೆಕ್ಟರಿನಿಂದ ಇನ್ನೊಂದು 75, 8 ಪಿನ್‌ನಿಂದ 150. ಕೆಲವು ಅಗ್ಗದ ಕಾರ್ಡುಗಳು ಹಳೇ ಬೋರ್ಡಿನಲ್ಲಿ ಪೂರ್ತಿ ಶಕ್ತಿ ತೋರಿಸುವುದಿಲ್ಲ. 4 ಜಿಬಿಯ ಆರ್‌ಎಕ್ಸ್ 6500 ಎಕ್ಸ್‌ಟಿ ನಾಲ್ಕೇ ಪಿಸಿಐಇ ಲೇನ್ (ಕಾರ್ಡ್ ಮತ್ತು ಬೋರ್ಡ್ ನಡುವೆ ಮಾಹಿತಿ ಓಡಾಡುವ ದಾರಿ) ಬಳಸುತ್ತದೆ, ಪಿಸಿಐಇ 3.0 ಬೋರ್ಡಿನಲ್ಲಿ ಸೊರಗುತ್ತದೆ. ಇಂಟೆಲ್ ಆರ್ಕ್ ಕಾರ್ಡಿಗೆ ರೀಸೈಜಬಲ್ ಬಾರ್ ಅನ್ನುವ ಬೋರ್ಡಿನ ಸೌಲಭ್ಯ ಬೇಕು, ಹಳೇ ಬೋರ್ಡುಗಳಲ್ಲಿ ಅದು ಇರುವುದೇ ಅಪರೂಪ. ಲ್ಯಾಪ್‌ಟಾಪಿನಲ್ಲಿ ಕಾರ್ಡ್ ಬದಲಿಸುವ ಮಾತು ಬಿಡಿ, ಸಾಮಾನ್ಯವಾಗಿ ಬೋರ್ಡಿಗೇ ಬೆಸೆದಿರುತ್ತಾರೆ. ರ್‍ಯಾಮ್, ಎಸ್‌ಎಸ್‌ಡಿ ಅಷ್ಟೇ ನಿಮ್ಮ ಕೈಯಲ್ಲಿರುವುದು.

ಹೆಜ್ಜೆ 9: ಬಾಗಿಲು ಮುಚ್ಚಿದ್ದರೆ

ರೇ ಟ್ರೇಸಿಂಗ್ ಇಲ್ಲದ ಕಾರ್ಡ್, ಎವಿಎಕ್ಸ್2 ಇಲ್ಲದ ಪ್ರೊಸೆಸರ್ ಇಟ್ಟುಕೊಂಡು ಯಾರೋ ಮಾಡಿದ ಮಾಡ್ (ಗೇಮನ್ನು ತಿದ್ದುವ ಫೈಲ್) ಹುಡುಕಿಕೊಂಡು ಹೋಗುವವರಿದ್ದಾರೆ. ಆನ್‌ಲೈನ್ ಗೇಮಿನಲ್ಲಿ ಅಂಥ ಸಾಹಸಕ್ಕೆ ಖಾತೆಯೇ ಬ್ಯಾನ್ ಆಗಬಹುದು. ಕೆಲವು ತಿಂಗಳು ಕಾಯುವುದು ಕೆಲವೊಮ್ಮೆ ಫಲ ಕೊಡುತ್ತದೆ. 2023ರ 'ಅಲನ್ ವೇಕ್ 2' ಮೆಶ್ ಶೇಡರ್ ಅನ್ನುವ ಹೊಸ ಸೌಲಭ್ಯ ಇಲ್ಲದ ಜಿಟಿಎಕ್ಸ್ 10 ಸರಣಿಯಲ್ಲಿ ತೀರಾ ಕೆಟ್ಟದಾಗಿ ಓಡುತ್ತಿತ್ತು. 2024ರ ಮಾರ್ಚಿನ ಅಪ್‌ಡೇಟಿನಲ್ಲಿ ಅದನ್ನು ಸುಧಾರಿಸಿದರು. ಆದರೆ ಎಲ್ಲ ಕಂಪನಿಗಳೂ ಹಳೇ ಕಾರ್ಡಿನವರಿಗಾಗಿ ಅಷ್ಟು ಮಾಡುವುದಿಲ್ಲ.

ಉಳಿದದ್ದು ಕ್ಲೌಡ್. ಜಿಫೋರ್ಸ್ ನೌ ಥರದ ಸೇವೆಯಲ್ಲಿ ಗೇಮ್ ಓಡುವುದು ಅವರ ಸರ್ವರಿನಲ್ಲಿ, ನಿಮಗೆ ಬರುವುದು ವಿಡಿಯೋ. ನಿಮ್ಮ ಕಾರ್ಡ್ ಎಷ್ಟು ಹಳೆಯದಾದರೂ ಚಿಂತೆಯಿಲ್ಲ. ಅಲ್ಲಿ ನೋಡಬೇಕಾದದ್ದು ಇಂಟರ್ನೆಟ್ಟಿನ ವೇಗಕ್ಕಿಂತ ಹೆಚ್ಚಾಗಿ ಪಿಂಗ್, ಅಂದರೆ ಸಂದೇಶ ಸರ್ವರಿಗೆ ಹೋಗಿ ಬರಲು ಹಿಡಿಯುವ ಸಮಯ. ವೈಫೈ ಬಿಟ್ಟು ಕೇಬಲ್ ಹಾಕಿ ನೋಡಿ. ದುಡ್ಡು ಕಟ್ಟುವ ಮುಂಚೆ ಎರಡು ಸಂಗತಿ ಖಚಿತಪಡಿಸಿಕೊಳ್ಳಿ: ನಿಮಗೆ ಬೇಕಾದ ಗೇಮ್ ಆ ಸೇವೆಯ ಪಟ್ಟಿಯಲ್ಲಿದೆಯೇ, ಆ ಗೇಮನ್ನು ನೀವು ಬೇರೆಯಾಗಿ ಕೊಂಡಿರಬೇಕೇ. ಜಿಫೋರ್ಸ್ ನೌನಲ್ಲಿ ಸಾಮಾನ್ಯವಾಗಿ ಗೇಮ್ ನಿಮ್ಮದೇ ಸ್ಟೀಮ್ ಅಥವಾ ಎಪಿಕ್ ಖಾತೆಯಲ್ಲಿ ಇರಬೇಕಾಗುತ್ತದೆ.